ಗ್ರಾಮದಲ್ಲಿ ಮನೆ ಕಟ್ಟಿಸುವವರಿಗೆ: ಮೇಸ್ತ್ರಿಯ ಆಯ್ಕೆ, ಕರಾರು ಮತ್ತು ಹಣದ ಕ್ರಮ

(ರೈತರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಅರಿಯದವರಿಲ್ಲ. ಈ ಎರಡು ಕಾರ್ಯಗಳಲ್ಲಿಯೂ ಲೆಕ್ಕ ತಪ್ಪಿದರೆ ಕೊನೆಗೆ ರೈತನ ಕೈಯಿಂದ ಜಾರುವುದು ಅವನ ಭೂಮಿಯೇ. ಮದುವೆಯ ಖರ್ಚು ಕೆಲವು ದಿನಗಳಲ್ಲಿ ಮುಗಿದು ಅದರ ಮೊತ್ತ ತಿಳಿದುಹೋಗುವುದು. ಮನೆಯ ಖರ್ಚಾದರೋ ತಿಂಗಳುಗಟ್ಟಲೆ ನಡೆಯುವುದು. ಪಾಯಕ್ಕೆ ಕೂಡಿಟ್ಟ ಹಣ, ಗೋಡೆಗೆ ಬೆಳೆಯ ಹಣ, ತಾರಸಿಗೆ ಸಾಲದ ಹಣ ಹೋಗಿ, ಬಾಗಿಲು ಕಿಟಕಿಗಳಿಗೆ ಜಮೀನನ್ನು ಆಧಾರ ಮಾಡುವ ಕಾಲ ಬರುವುದು. ಗೋಡೆ ಎದ್ದು ಮಾಳಿಗೆಯಿಲ್ಲದೆ ಎರಡು ಮೂರು ಮಳೆಗಾಲ ನೆನೆದು ಪಾಚಿ ಹಿಡಿದ ಮನೆಗಳನ್ನು ಅನೇಕ ಗ್ರಾಮಗಳಲ್ಲಿ ಕಾಣಬಹುದು. ಅವುಗಳ ಯಜಮಾನರೆಲ್ಲರೂ ದುಂದುಗಾರರಲ್ಲ. ಅವರಲ್ಲಿ ಹಲವರು ಹೊಲದಲ್ಲಿ ಒಂದು ಸೇರು ಬೀಜವನ್ನೂ ಅಳೆದು ಬಿತ್ತುವವರು; ಆದರೆ ಮೇಸ್ತ್ರಿಯ ಕೈಗೆ ಹಣವನ್ನು ಅಳೆಯದೆ ಕೊಟ್ಟವರು.

ಬೇಸಾಯಕ್ಕೂ ಮನೆ ಕಟ್ಟುವುದಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ರೈತನ ಮನೆ ಕೇವಲ ವಾಸದ ಸ್ಥಳವಲ್ಲ. ಬೀಜ, ಕಾಳು, ಗೊಬ್ಬರ, ಸಾಮಾನು, ದನಕರು ಎಲ್ಲಕ್ಕೂ ಅದೇ ಆಶ್ರಯ. ಅರ್ಧಕ್ಕೆ ನಿಂತ ಮನೆಯ ಸಾಲ ಮುಂದಿನ ವರ್ಷದ ಬೀಜ ಗೊಬ್ಬರಗಳನ್ನೇ ನುಂಗಿಬಿಡುವುದು. ಆದಕಾರಣ ಕಡಿಮೆ ಖರ್ಚಿನಲ್ಲಿ ಬಾಳಿಕೆಯ ಮನೆ ಕಟ್ಟಿಸಬೇಕೆನ್ನುವವನು ಮೇಸ್ತ್ರಿಯನ್ನು ಹೇಗೆ ಆರಿಸಬೇಕು, ಅವನೊಡನೆ ಹೇಗೆ ಕರಾರು ಮಾಡಿಕೊಳ್ಳಬೇಕು, ಹಣವನ್ನು ಯಾವ ಕ್ರಮದಲ್ಲಿ ಕೊಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಎಲ್ಲಕ್ಕೂ ಮೂಲವಾದ ಸೂತ್ರ ಒಂದೇ: ಕೆಲಸವು ಮುಂದೆ ಹೋಗಬೇಕು, ಹಣವು ಅದರ ಹಿಂದೆ ಬರಬೇಕು.

1. ಮೇಸ್ತ್ರಿಗಿಂತ ಮೊದಲು ಮನೆಯ ನಿಶ್ಚಯ

ಏನು ಬೇಕೆಂದು ತಾನೇ ನಿಶ್ಚಯಿಸಿಕೊಳ್ಳದೆ ಮೇಸ್ತ್ರಿಯನ್ನು ಕರೆಸುವವನಿಗೆ ಮೇಸ್ತ್ರಿಯೇ ಮನೆಯನ್ನು ನಿಶ್ಚಯಿಸಿಕೊಡುವನು. ಆಗ ಆರು ಚದರದಲ್ಲಿ ಮುಗಿಯಬೇಕಾದದ್ದು ಒಂಬತ್ತು ಚದರಕ್ಕೆ ಬೆಳೆಯುವುದು. ಆದ್ದರಿಂದ ಮನೆಯ ಜನರೆಲ್ಲರೂ ಕುಳಿತು, ವಿಶೇಷವಾಗಿ ಅಡಿಗೆಮನೆ ಬಚ್ಚಲುಗಳ ವಿಷಯದಲ್ಲಿ ಹೆಂಗಸರ ಅಭಿಪ್ರಾಯವನ್ನು ಕೇಳಿ, ಕೋಣೆಗಳೆಷ್ಟು, ಕಾಳು ಎಲ್ಲಿ, ಹೊಗೆ ಹೋಗುವ ದಾರಿ ಯಾವುದು, ಬಚ್ಚಲ ನೀರು ಎತ್ತ ಹರಿಯಬೇಕು ಎಂಬುದನ್ನು ಗೊತ್ತುಮಾಡಿ, ಅಳತೆಗಳೊಡನೆ ಕಾಗದದ ಮೇಲೆ ನಕ್ಷೆ ಬರೆಸತಕ್ಕದ್ದು. ನಕ್ಷೆಗಾಗಿ ಇಂಜನಿಯರಿಗೆ ಕೊಡುವ ಹಣ ವ್ಯರ್ಥವಲ್ಲ. ಕಟ್ಟಿದ ಗೋಡೆಯನ್ನು ಕೆಡವಿ ಬಾಗಿಲು ಇಡಿಸುವ ಖರ್ಚಿಗೆ ಹೋಲಿಸಿದರೆ ಅದು ಅಲ್ಪವೇ ಸರಿ. ದನದ ಕೊಟ್ಟಿಗೆಯನ್ನು ಮನೆಗೆ ಸೇರಿಸದೆ ಬೇರೆಯಾಗಿಡುವುದು ಆರೋಗ್ಯಕ್ಕೂ ಲೇಸು. ಕೊಟ್ಟಿಗೆಗೆ ತಾರಸಿ ಬೇಕಾಗದ ಕಾರಣ ಖರ್ಚಿಗೂ ಲೇಸು.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನಂತೆ ಗ್ರಾಮದಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯತಿಯ ಅನುಮತಿ ಬೇಕು. ನಿವೇಶನದ ದಾಖಲೆಗಳು ಯಜಮಾನನ ಹೆಸರಿನಲ್ಲಿ ಸರಿಯಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಸಾಗುವಳಿಯ ಭೂಮಿಯಲ್ಲಿ ಕಟ್ಟುವವರು ಭೂಪರಿವರ್ತನೆಯ ವಿಷಯವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಪಾಯ ತೋಡಿಸತಕ್ಕದ್ದು.

ನೆಲದ ಗುಣವನ್ನೂ ಅರಿತಿರಬೇಕು. ಕೆಂಪು ಮಣ್ಣಿನ ಗಟ್ಟಿ ನೆಲದಲ್ಲಿ ಸೈಜುಗಲ್ಲಿನ ಪಾಯ ಸಾಕಾಗುವುದು. ಎರೆಭೂಮಿಯಾದರೋ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರುಕುಬಿಡುವುದು. ಅಲ್ಲಿ ಆ ಬಿರುಕುಗಳ ಆಳಕ್ಕಿಂತ ಕೆಳಗೆ ಪಾಯ ಇಳಿಯದಿದ್ದರೆ ಎಂತಹ ಗೋಡೆಯಾದರೂ ಸೀಳುವುದು. ಎರೆಭೂಮಿಯಲ್ಲಿ ಇಂಜನಿಯರ ಸಲಹೆಯಿಲ್ಲದೆ ಪಾಯ ಹಾಕಿಸಲೇಬಾರದು.

2. ಕಾಲದ ವಿಷಯ

ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ ರೈತನಿಗೆ ಹಣವೂ ಬಿಡುವೂ ಒದಗುವುವು. ಆ ಕಾಲದಲ್ಲಿ ಎಲ್ಲರೂ ಮೇಸ್ತ್ರಿಯನ್ನು ಹುಡುಕುವುದರಿಂದ ಒಬ್ಬನೇ ಮೇಸ್ತ್ರಿ ಐದಾರು ಮನೆಗಳನ್ನು ಒಪ್ಪಿಕೊಂಡು, ಈ ದಿನ ಇಲ್ಲಿ, ನಾಳೆ ಅಲ್ಲಿ ಎಂದು ಓಡಾಡುವನು. ಆದಕಾರಣ ಮೇಸ್ತ್ರಿಯ ಹುಡುಕಾಟವನ್ನು ದಸರೆ ದೀಪಾವಳಿಗಳ ಹೊತ್ತಿಗೇ ಆರಂಭಿಸಿ, ಕರಾರನ್ನು ಸುಗ್ಗಿಗೆ ಮೊದಲೇ ಮುಗಿಸಿ, ಜನವರಿಯಲ್ಲಿ ಪಾಯ ಹಾಕಿ, ಮೇ ತಿಂಗಳು ಮುಗಿಯುವುದರೊಳಗೆ ಮಾಳಿಗೆಯನ್ನು ಮುಚ್ಚುವಂತೆ ಏರ್ಪಡಿಸಿಕೊಳ್ಳುವುದು ಉತ್ತಮ. ಮಳೆಗಾಲದಲ್ಲಿ ಹುಡುಕುವುದಕ್ಕೆ ಇನ್ನೊಂದು ಅನುಕೂಲವುಂಟು. ಮೇಸ್ತ್ರಿ ಹಿಂದೆ ಕಟ್ಟಿದ ಮನೆ ಸೋರುವುದೋ ಇಲ್ಲವೋ ಎಂಬುದು ಆಗಲೇ ಕಣ್ಣಿಗೆ ಕಾಣುವುದು. ಬೇಸಿಗೆಯಲ್ಲಿ ನೀರಿನ ಅಭಾವವಿರುವ ಗ್ರಾಮಗಳಲ್ಲಿ ಕಟ್ಟಡಕ್ಕೆ ಉಣಿಸಲು ನೀರು ಎಲ್ಲಿಂದ ಬರುವುದೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

3. ಮೇಸ್ತ್ರಿಯನ್ನು ಅಳೆಯುವ ಬಗೆ

ಮಾತಿನಿಂದ ಮೇಸ್ತ್ರಿಯನ್ನು ಅಳೆಯಲಾಗದು. ಅವನ ಕೆಲಸದಿಂದಲೇ ಅಳೆಯಬೇಕು. ಅವನು ಕಟ್ಟಿದ ಮೂರು ಮನೆಗಳನ್ನಾದರೂ ಹೋಗಿ ನೋಡತಕ್ಕದ್ದು. ಅವುಗಳಲ್ಲಿ ಒಂದು ಈಗ ನಡೆಯುತ್ತಿರುವ ಕೆಲಸವಾಗಿರಲಿ. ಇನ್ನೊಂದು ಮೂರು ಮಳೆಗಾಲ ಕಂಡದ್ದಾಗಿರಲಿ. ಸುಣ್ಣ ಬಣ್ಣ ಬಳಿದ ಹೊಸ ಮನೆ ಯಾವ ದೋಷವನ್ನೂ ಹೇಳುವುದಿಲ್ಲ. ಹಳೆಯ ಮನೆಯಲ್ಲಿ ತಾರಸಿಯ ಒಳಮೈಯ ಮೇಲೆ ತೇವದ ಕಲೆಗಳಿವೆಯೇ, ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು ಎದ್ದಿದೆಯೇ, ಗೋಡೆಯ ಬುಡದಲ್ಲಿ ಗಾರೆ ಉದುರುತ್ತಿದೆಯೇ, ಬಚ್ಚಲಲ್ಲಿ ನೀರು ನಿಲ್ಲುವುದೋ ಹರಿಯುವುದೋ ಎಂಬುದನ್ನು ನೋಡಿದರೆ ಮೇಸ್ತ್ರಿಯ ಕೈ ತಿಳಿಯುವುದು. ನಡೆಯುತ್ತಿರುವ ಕೆಲಸದಲ್ಲಿ ತೂಗುಗುಂಡನ್ನೂ ಮಟ್ಟವನ್ನೂ ಬಳಸುತ್ತಾರೆಯೇ, ಇಟ್ಟಿಗೆಯನ್ನು ನೆನೆಸಿ ಕಟ್ಟುತ್ತಾರೆಯೇ, ಸಿಮೆಂಟನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲಿಟ್ಟಿದ್ದಾರೆಯೇ ಎಂಬುದನ್ನು ಗಮನಿಸಬೇಕು.

ಆ ಮನೆಗಳ ಯಜಮಾನರನ್ನು ಮೇಸ್ತ್ರಿ ಜೊತೆಯಲ್ಲಿಲ್ಲದಾಗ ನಾಲ್ಕು ಪ್ರಶ್ನೆ ಕೇಳಬೇಕು. ಹೇಳಿದ ಅವಧಿಗೆ ಕೆಲಸ ಮುಗಿಯಿತೇ? ಒಪ್ಪಿದ ಹಣಕ್ಕಿಂತ ಹೆಚ್ಚು ಕೇಳಿದನೇ, ಕೇಳಿದರೆ ಯಾವ ಕಾರಣಕ್ಕೆ? ನಡುವೆ ಕೆಲಸ ಬಿಟ್ಟುಹೋದನೇ? ಮುಗಿದ ಮೇಲೆ ಕಂಡ ದೋಷವನ್ನು ಬಂದು ಸರಿಪಡಿಸಿದನೇ? ನಾಲ್ಕನೆಯ ಪ್ರಶ್ನೆಯ ಉತ್ತರವೇ ಎಲ್ಲಕ್ಕಿಂತ ಮುಖ್ಯವಾದದ್ದು.

ತಾರಸಿಗೆ ಬೇಕಾದ ಸೆಂಟ್ರಿಂಗ್ ಸಾಮಾನು ಮೇಸ್ತ್ರಿಯದೋ ಬಾಡಿಗೆಯದೋ, ಅವನಿಗೆ ಖಾಯಮ್ಮಾದ ಆಳುಗಳಿದ್ದಾರೆಯೇ, ಈಗ ಎಷ್ಟು ಕೆಲಸ ಕೈಯಲ್ಲಿವೆ ಎಂಬುದನ್ನೂ ವಿಚಾರಿಸಬೇಕು. ಸುತ್ತಲಿನ ಗ್ರಾಮದ ಮೇಸ್ತ್ರಿಯೇ ದೊರೆಯುವುದಾದರೆ ಒಳ್ಳೆಯದು. ಜನರ ನಡುವೆಯೇ ಬಾಳಬೇಕಾದವನು ಹೆಸರಿಗೆ ಅಂಜುವನು. ದೋಷ ಕಂಡಾಗ ಕರೆದರೆ ಸಿಕ್ಕುವನು. ಜಿಲ್ಲೆಗಳಲ್ಲಿರುವ ನಿರ್ಮಿತಿ ಕೇಂದ್ರಗಳಲ್ಲಿ ವಿಚಾರಿಸಿದರೆ ಕಡಿಮೆ ಖರ್ಚಿನ ಕಟ್ಟಡದ ಕ್ರಮಗಳನ್ನು ತಿಳಿಯಬಹುದು. ಆ ಕೆಲಸ ಬಲ್ಲ ಗಾರೆಯವರ ಸುಳಿವೂ ಅಲ್ಲಿ ದೊರೆಯಬಹುದು.

4. ಎರಡು ಬಗೆಯ ಗುತ್ತಿಗೆ

ಗುತ್ತಿಗೆ ಎರಡು ವಿಧ. ಸಾಮಾನುಗಳನ್ನು ಯಜಮಾನನು ಒದಗಿಸಿ ಕೆಲಸವನ್ನು ಮಾತ್ರ ಮೇಸ್ತ್ರಿಗೆ ವಹಿಸುವುದು ಕೂಲಿ ಗುತ್ತಿಗೆ. ಸಾಮಾನು ಕೂಲಿ ಎರಡನ್ನೂ ಮೇಸ್ತ್ರಿಗೇ ಒಪ್ಪಿಸುವುದು ಸಾಮಾನು ಸಮೇತ ಗುತ್ತಿಗೆ. ಎರಡನೆಯದರಲ್ಲಿ ಯಜಮಾನನಿಗೆ ಓಡಾಟ ಕಡಿಮೆ; ಆದರೆ ಗೋಡೆಯೊಳಗೆ ಎಷ್ಟು ಸಿಮೆಂಟು, ತಾರಸಿಯೊಳಗೆ ಎಷ್ಟು ಕಂಬಿ ಹೋಯಿತೆಂಬುದು ಕಾಣುವುದಿಲ್ಲ. ಬೇಸಿಗೆಯಲ್ಲಿ ಬಿಡುವಿರುವ ರೈತನಿಗೆ ಕೂಲಿ ಗುತ್ತಿಗೆಯೇ ಸಾಮಾನ್ಯವಾಗಿ ಮೇಲು. ತಾನು ಊರಿನಲ್ಲಿರಲಾರದವನು ಸಾಮಾನು ಸಮೇತ ಗುತ್ತಿಗೆಗೆ ಕೊಟ್ಟರೂ, ಪ್ರತಿಯೊಂದು ಸಾಮಾನಿನ ತರಗತಿಯನ್ನು ಬರೆಸಿಕೊಂಡು, ನಂಬಿಕೆಯ ಒಬ್ಬನನ್ನು ನಿಗಾ ನೋಡಲು ನೇಮಿಸತಕ್ಕದ್ದು.

ಸಾಮಾನು ಕೊಳ್ಳುವಾಗ ಕೆಲವು ಲೆಕ್ಕಗಳು ಬಾಯಲ್ಲಿರಬೇಕು. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರು ಕಂಬಿಯ ತೂಕ ಕಿಲೋಗ್ರಾಮಿನಲ್ಲಿ ಬರುವುದು. ಅದರಂತೆ 12 ಮೀಟರು ಉದ್ದದ ಒಂದು ಕಂಬಿ 8 ಮಿಲಿಮೀಟರಿನದಾದರೆ ಸುಮಾರು 4.7 ಕಿಲೋ, 10ರದಾದರೆ 7.4 ಕಿಲೋ, 12ರದಾದರೆ 10.7 ಕಿಲೋ ತೂಗಬೇಕು. ಇದಕ್ಕಿಂತ ಬಹಳ ಹಗುರವಾಗಿದ್ದರೆ ಕಂಬಿ ಹೇಳಿದ ದಪ್ಪದ್ದಲ್ಲವೆಂದು ತಿಳಿಯಬೇಕು. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುವುದು. ಮೂರು ತಿಂಗಳು ಮೀರಿದ್ದನ್ನು ತೆಗೆದುಕೊಳ್ಳಬಾರದು.

5. ಚದರದ ಲೆಕ್ಕದಲ್ಲಿ ಅಡಗಿರುವ ಮೋಸ

ನಮ್ಮ ಸೀಮೆಯಲ್ಲಿ ನೂರು ಚದರಡಿಯನ್ನು ಒಂದು ಚದರವೆಂದು ಎಣಿಸಿ, ಚದರಕ್ಕೆ ಇಷ್ಟೆಂದು ದರ ಮಾತನಾಡುವುದು ವಾಡಿಕೆ. ಚದರವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದು ಗೊತ್ತುಮಾಡದೆ ದರವನ್ನು ಮಾತ್ರ ಚೌಕಾಶಿ ಮಾಡುವುದು, ಕೊಳಗವನ್ನು ನೋಡದೆ ರಾಗಿಯ ಬೆಲೆ ಕಟ್ಟಿದಂತೆ.

ಹೊರಗೋಡೆಯಿಂದ ಹೊರಗೋಡೆಗೆ 20 ಅಡಿ ಅಗಲ, 30 ಅಡಿ ಉದ್ದವಿರುವ ಮನೆ 600 ಚದರಡಿ, ಅಂದರೆ 6 ಚದರ. ಇದೇ ಮನೆಗೆ ಸುತ್ತಲೂ 2 ಅಡಿ ಸಜ್ಜೆ ಚಾಚಿ, ಅಳತೆಯನ್ನು ಸಜ್ಜೆಯ ಅಂಚಿನಿಂದ ಹಿಡಿದರೆ 24 ಅಡಿಗೆ 34 ಅಡಿಯಾಗಿ 816 ಚದರಡಿ, ಅಂದರೆ 8 ಚದರಕ್ಕೂ ಮೇಲಾಗುವುದು. ಒಬ್ಬ ಮೇಸ್ತ್ರಿ ಗೋಡೆಯ ಅಳತೆಗೆ ಚದರಕ್ಕೆ 100 ಭಾಗ ಹಣ ಕೇಳಿದನೆಂದೂ, ಇನ್ನೊಬ್ಬನು ಸಜ್ಜೆಯ ಅಳತೆಗೆ 85 ಭಾಗ ಕೇಳಿದನೆಂದೂ ಭಾವಿಸಿದರೆ, ಮೊದಲನೆಯವನಿಗೆ ಸಲ್ಲುವುದು 600 ಭಾಗ, ಎರಡನೆಯವನಿಗೆ ಸುಮಾರು 694 ಭಾಗ. ಕಡಿಮೆ ದರದವನೇ ದುಬಾರಿಯಾದನು. ಇದರಂತೆಯೇ ಜಗಲಿ, ಮೆಟ್ಟಿಲು, ನೀರಿನ ತೊಟ್ಟಿ, ಪಾಯಖಾನೆಯ ಗುಂಡಿ, ತಾರಸಿಯ ಮೇಲಣ ಕೈಪಿಡಿ ಗೋಡೆ ಇವುಗಳು ಚದರದಲ್ಲಿ ಸೇರಿವೆಯೋ, ಬೇರೆ ಲೆಕ್ಕವೋ ಎಂಬುದನ್ನು ಒಂದೊಂದಾಗಿ ಕೇಳಿ ಬರೆಸಿಕೊಳ್ಳಬೇಕು. ಹೀಗೆ ಮೂವರಿಂದ ಒಂದೇ ನಕ್ಷೆಗೆ, ಒಂದೇ ಅಳತೆಗೆ ದರ ಕೇಳಿದಾಗ ಮಾತ್ರ ಹೋಲಿಕೆ ನ್ಯಾಯವಾಗುವುದು. ಮೂವರಲ್ಲಿ ಒಬ್ಬನ ದರ ಉಳಿದವರಿಗಿಂತ ಬಹಳ ಕಡಿಮೆಯಿದ್ದರೆ, ಅದರ ಕಾರಣ ತಿಳಿಯುವವರೆಗೆ ಒಪ್ಪಬಾರದು.

6. ಕರಾರು ಮತ್ತು ಕಂತು

ಬಾಯಿಮಾತಿನ ಒಪ್ಪಂದವೂ ಕಾನೂನಿನಲ್ಲಿ ಒಪ್ಪಂದವೇ. ಆದರೆ ವ್ಯಾಜ್ಯ ಬಂದಾಗ ಅದನ್ನು ರುಜುವಾತು ಮಾಡುವುದು ಕಷ್ಟ. ಆದ್ದರಿಂದ ಛಾಪಾಕಾಗದದ ಮೇಲೆ ಕನ್ನಡದಲ್ಲಿ ಕರಾರು ಬರೆಸಿ, ನಕ್ಷೆಯನ್ನು ಅದಕ್ಕೆ ಲಗತ್ತಿಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸತಕ್ಕದ್ದು. ಅಳತೆಯ ಕ್ರಮ, ದರ, ಸಾಮಾನಿನ ತರಗತಿ, ಮುಗಿಸುವ ದಿನ, ಕಂತುಗಳು, ಹೆಚ್ಚಿನ ಕೆಲಸಕ್ಕೆ ಮೊದಲೇ ಬರಹದ ಒಪ್ಪಿಗೆ ಬೇಕೆಂಬ ಷರತ್ತು, ಆಳುಗಳಿಗೆ ಅಪಾಯವಾದಲ್ಲಿ ಹೊಣೆ ಯಾರದು, ನಡುವೆ ಕೆಲಸ ನಿಂತರೆ ಮಾಡಿದಷ್ಟನ್ನು ಅಳೆಯುವ ಬಗೆ ಇಷ್ಟೂ ಅದರಲ್ಲಿರಬೇಕು.

ಕಂತಿನ ಮಾದರಿಯೊಂದನ್ನು ಇಲ್ಲಿ ಕೊಡಲಾಗಿದೆ. ಗುತ್ತಿಗೆಯ ಒಟ್ಟು ಹಣ 6,00,000 ರೂಪಾಯಿಯೆಂದು ಎಣಿಸಿದರೆ:

ಕೆಲಸ ಆರಂಭಕ್ಕೆ ಮುಂಗಡ, ನೂರಕ್ಕೆ 5: 30,000
ಪಾಯ ಮುಗಿದು ಮಣ್ಣು ತುಂಬಿದ ಮೇಲೆ, ನೂರಕ್ಕೆ 15: 90,000
ಗೋಡೆ ಬಾಗಿಲ ಮೇಲಣ ಲಿಂಟಲಿಗೆ ಬಂದ ಮೇಲೆ, ನೂರಕ್ಕೆ 20: 1,20,000
ತಾರಸಿಯ ಕಾಂಕ್ರೀಟು ಮುಗಿದ ಮೇಲೆ, ನೂರಕ್ಕೆ 25: 1,50,000
ಗಾರೆ ಮೆತ್ತಿದ ಮೇಲೆ, ನೂರಕ್ಕೆ 20: 1,20,000
ನೆಲ, ಬಾಗಿಲು, ಬಚ್ಚಲು ಮುಗಿದ ಮೇಲೆ, ನೂರಕ್ಕೆ 10: 60,000
ಒಂದು ಮಳೆಗಾಲ ಕಳೆದು ಸೋರಿಕೆಯಿಲ್ಲವೆಂದು ಕಂಡ ಮೇಲೆ, ನೂರಕ್ಕೆ 5: 30,000

ಸಾಮಾನು ಸಮೇತ ಗುತ್ತಿಗೆಯಾದರೆ ಸಾಮಾನು ತರಲು ಮೇಸ್ತ್ರಿಗೆ ಮೊದಲೇ ಹಣ ಬೇಕಾಗುವುದು ನಿಜ. ಆಗಲೂ ದೊಡ್ಡ ಮುಂಗಡ ಕೊಡದೆ, ಕಂತುಗಳನ್ನು ಇನ್ನೂ ಸಣ್ಣದಾಗಿ ಒಡೆಯುವುದೇ ಕ್ಷೇಮ. ಹಣವನ್ನು ಸಾಧ್ಯವಾದಷ್ಟೂ ಬ್ಯಾಂಕಿನ ಮೂಲಕ ಕೊಟ್ಟು, ಕೈಯಲ್ಲಿ ಕೊಟ್ಟದ್ದಕ್ಕೆ ಒಂದೇ ಪುಸ್ತಕದಲ್ಲಿ ರುಜು ಪಡೆಯಬೇಕು. ಹಬ್ಬಕ್ಕೆಂದು, ಕಾಯಿಲೆಗೆಂದು, ಆಳುಗಳು ಊರಿಗೆ ಹೋಗುವರೆಂದು ಮೇಸ್ತ್ರಿ ನಡುನಡುವೆ ಕೇಳುವ ಸಣ್ಣ ಹಣವೂ ಆ ಪುಸ್ತಕದಲ್ಲಿ ಬರಲೇಬೇಕು. ಇನ್ನೊಂದು ಕಡೆ, ಯಜಮಾನನೂ ನ್ಯಾಯವಂತನಾಗಿರಬೇಕು. ಕೆಲಸ ಮುಗಿದ ದಿನವೇ ಕಂತು ಕೊಡದಿದ್ದರೆ ಮೇಸ್ತ್ರಿಯ ಆಳುಗಳು ಚದುರುವರು. ಆ ನಷ್ಟ ಯಜಮಾನನದೇ. ಅಂದಾಜಿನ ಮೇಲೆ ನೂರಕ್ಕೆ ಹತ್ತರಷ್ಟು ಹಣವನ್ನು ಮೀಸಲಾಗಿ ತೆಗೆದಿಡದೆ ಕೆಲಸ ಆರಂಭಿಸಬಾರದು. ಅಷ್ಟು ಹಣವಿಲ್ಲದವನು ಮನೆಯನ್ನು ಒಂದು ಕೋಣೆ ಕಿರಿದು ಮಾಡಬೇಕೇ ಹೊರತು ಜಮೀನಿನ ಮೇಲೆ ಸಾಲ ಎತ್ತಬಾರದು.

7. ಕಣ್ಣಿಡಬೇಕಾದ ಕೆಲಸಗಳು

ಭಾರತೀಯ ಮಾನಕ ಸಂಸ್ಥೆಯ ಕಾಂಕ್ರೀಟು ನಿಯಮಾವಳಿಯ 2000ದ ಆವೃತ್ತಿಯಂತೆ ಕಂಬಿ ಸೇರಿದ ಕಾಂಕ್ರೀಟು ಎಂ-20ಕ್ಕಿಂತ ಕಡಿಮೆ ತರಗತಿಯದಾಗಿರಬಾರದು. ವಾಡಿಕೆಯಲ್ಲಿ ಅದು ಸಿಮೆಂಟು 1, ಮರಳು 1½, ಜಲ್ಲಿ 3ರ ಮಿಶ್ರಣ. ಅದೇ ನಿಯಮಾವಳಿ 50 ಕಿಲೋದ ಒಂದು ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಕೂಡದೆಂದು ಹೇಳುವುದು. ನೀರು ಹೆಚ್ಚಾದರೆ ಕೆಲಸ ಸುಲಭ, ಕಾಂಕ್ರೀಟು ದುರ್ಬಲ. ಆದ್ದರಿಂದ ತಾರಸಿ ಹಾಕುವ ದಿನ ಯಜಮಾನನು ಬೇರೆ ಎಲ್ಲಿಗೂ ಹೋಗದೆ ನೀರಿನ ಬಿಂದಿಗೆಯನ್ನೇ ಎಣಿಸುತ್ತಿರುವುದು ಒಳ್ಳೆಯದು. ಈಗ ಹೆಚ್ಚಾಗಿ ಮಾರಾಟವಾಗುವ ಬೂದಿ ಬೆರೆತ ಸಿಮೆಂಟಿನ ಕೆಲಸಕ್ಕೆ ಕನಿಷ್ಠ 10 ದಿನ ನೀರುಣಿಸಲೇಬೇಕು. ತಾರಸಿಯ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿ 14 ದಿನ ಕಾಯುವುದು ಮೇಲು. ಕೆಳಗಿನ ಆನಿಕೆಗಳನ್ನು ಬೇರೆ ಮನೆಗೆ ಬೇಕೆಂದು ಮೇಸ್ತ್ರಿ ಅವಸರಪಡಿಸಿದರೂ 14 ದಿನಗಳಿಗೆ ಮುಂಚೆ ತೆಗೆಯಗೊಡಬಾರದು. ಹಿಂದಿನ ದಿನ ಕಲಸಿ ಗಟ್ಟಿಯಾದ ಗಾರೆಗೆ ನೀರು ಬೆರೆಸಿ ಮತ್ತೆ ಬಳಸುವುದನ್ನು ಕಂಡರೆ ತಡೆಯಬೇಕು.

ಖರ್ಚು ಉಳಿಸುವ ಹೊಸ ಕ್ರಮಗಳೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದರು. ಅದನ್ನು ಸುಡಬೇಕಾಗಿಲ್ಲ, ಆದರೆ ಎರೆಮಣ್ಣು ಅದಕ್ಕೆ ಒಗ್ಗದು. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ (1917–2007) ಅವರು ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಗೋಡೆಯನ್ನು ಪ್ರಚಾರಪಡಿಸಿದರು; ಅದರಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುವುದು. ಇವು ಒಳ್ಳೆಯವೇ. ಆದರೆ ಹಿಂದೆ ಇವನ್ನು ಮಾಡಿ ಅನುಭವವಿರುವ ಗಾರೆಯವನು ಸಿಕ್ಕಿದರೆ ಮಾತ್ರ ಕೈಹಾಕಬೇಕು. ಮೇಸ್ತ್ರಿ ವಿದ್ಯೆ ಕಲಿಯುವ ಮೊದಲ ಮನೆ ಬಡ ರೈತನದಾಗಬಾರದು.

8. ವ್ಯಾಜ್ಯ ಬಂದಾಗ, ಮತ್ತು ಮುಖಂಡರ ಕರ್ತವ್ಯ

ಹಣ ಪಡೆದು ಕೆಲಸ ಬಿಟ್ಟರೆ, ಅಥವಾ ಕೆಲಸದಲ್ಲಿ ದೋಷವಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗಾಗಿ ದೂರು ಕೊಡಬಹುದು. ಮನೆ ಕಟ್ಟಿಕೊಡುವುದನ್ನು ಆ ಕಾಯಿದೆ ಸೇವೆಯೆಂದೇ ಎಣಿಸಿದೆ. ಅಲ್ಲಿ ಕೇಳುವ ಮೊದಲನೆಯ ಸಾಕ್ಷ್ಯ ಕರಾರು ಪತ್ರ ಮತ್ತು ಹಣ ಕೊಟ್ಟ ದಾಖಲೆ. ಆದರೆ ವ್ಯಾಜ್ಯಕ್ಕಿಂತ ರಾಜಿ ಲೇಸು. ರಾಜಿಗಿಂತ ಮುನ್ನೆಚ್ಚರಿಕೆ ಲೇಸು.

ಇಲ್ಲಿ ಗ್ರಾಮದ ಮುಖಂಡರು ಮಾಡಬಹುದಾದ ಉಪಕಾರ ದೊಡ್ಡದು. ಗ್ರಾಮದಲ್ಲಿ ಮನೆ ಕಟ್ಟಿದ ಮೇಸ್ತ್ರಿಗಳ ಹೆಸರು, ಒಪ್ಪಿದ ಅವಧಿ, ಮುಗಿದ ದಿನ, ಮಳೆಗಾಲದ ನಂತರ ಕಂಡ ದೋಷ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಕಟ್ಟಿಸುವವನಿಗೆ ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಬೇರೊಂದಿಲ್ಲ. ಒಳ್ಳೆಯ ಮೇಸ್ತ್ರಿಗೂ ಆ ಪುಸ್ತಕವೇ ಪ್ರಶಸ್ತಿಪತ್ರ. ನೆರೆಯ ಮೂರು ನಾಲ್ಕು ಮನೆಯವರು ಕೂಡಿ ಒಬ್ಬ ಮೇಸ್ತ್ರಿಗೆ ಒಂದಾದಮೇಲೊಂದು ಕೆಲಸ ಕೊಡುವಂತೆ ಮುಖಂಡರು ಏರ್ಪಡಿಸಿದರೆ ದರವೂ ಇಳಿಯುವುದು, ಮೇಸ್ತ್ರಿಯೂ ಊರು ಬಿಟ್ಟು ಓಡುವುದಿಲ್ಲ.

ಬಡವರ ವಿಷಯದಲ್ಲಿ ಮುಖಂಡರು ಇನ್ನೂ ಎಚ್ಚರವಾಗಿರಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ 1,20,000 ರೂಪಾಯಿ ಸಹಾಯವೆಂದೂ, ಮನೆ 25 ಚದರ ಮೀಟರಿಗೆ ಕಡಿಮೆಯಿರಬಾರದೆಂದೂ ಗೊತ್ತುಮಾಡಲಾಯಿತು. ಆ ಹಣ ಫಲಾನುಭವಿಯ ಖಾತೆಗೇ ಕಂತಾಗಿ ಬರುವುದು. ಮನೆಯನ್ನು ಅವರೇ ಕಟ್ಟಿಸಿಕೊಳ್ಳತಕ್ಕದ್ದು. ಸರ್ಕಾರದ ಕಡೆಯಿಂದ ಗುತ್ತಿಗೆದಾರನನ್ನು ನೇಮಿಸುವ ಪದ್ಧತಿ ಅದರಲ್ಲಿಲ್ಲ. ಹೀಗಿರುವಲ್ಲಿ, ಇಂತಹವನಿಗೇ ಕೆಲಸ ಕೊಡಬೇಕೆಂದು ಯಾರಾದರೂ ಬಡವರನ್ನು ಒತ್ತಾಯಪಡಿಸಿದರೆ ಅದನ್ನು ತಡೆಯುವುದು ಮುಖಂಡರ ಧರ್ಮ. ಯಾವ ಮನೆಯ ಕರಾರಿಗೆ ಅವರು ಸಾಕ್ಷಿ ಹಾಕುವರೋ ಆ ಮನೆಯ ಮೇಸ್ತ್ರಿಯಿಂದ ಒಂದು ಕಾಸನ್ನೂ ಮುಟ್ಟಬಾರದು.

ರೈತನು ಹೊಲದಲ್ಲಿ ಬೆಳೆ ಕಾಣುವ ಮೊದಲು ಬೆಲೆ ಕೊಡುವುದಿಲ್ಲ. ಎತ್ತಿನ ಹಲ್ಲು ನೋಡದೆ ಹಗ್ಗ ಹಿಡಿಯುವುದಿಲ್ಲ. ಆ ವಿವೇಕವನ್ನೇ ಮನೆಯ ಕೆಲಸದಲ್ಲಿಯೂ ತೋರಿಸಬೇಕು. ನಕ್ಷೆ ಮೊದಲು, ಮೇಸ್ತ್ರಿ ಆಮೇಲೆ. ಅಳತೆ ಮೊದಲು, ದರ ಆಮೇಲೆ. ಕೆಲಸ ಮೊದಲು, ಹಣ ಆಮೇಲೆ. ಈ ಮೂರನ್ನು ಪಾಲಿಸಿದವನ ಮನೆ ಚಿಕ್ಕದಾದರೂ ಪೂರ್ಣವಾಗುವುದು, ಮತ್ತು ಅವನ ಭೂಮಿ ಅವನ ಹೆಸರಿನಲ್ಲಿಯೇ ಉಳಿಯುವುದು.